ಯಾರ ಮಾತು, ಯಾರ ಬಾಯಲ್ಲಿ

ಪುಣೆಯ ನಮ್ಮ ಸೊಸೈಟಿಯಲ್ಲಿ ಐದಾರು ಕನ್ನಡ ಮನೆಗಳಿವೆ. ತಿಂಗಳಿಗೊಂದು ಶನಿವಾರ ಯಾರದಾದರೂ ಮನೆಯಲ್ಲಿ ಸೇರಿ ಒಂದು ಸಿನಿಮಾ ನೋಡುತ್ತೇವೆ. ಸಿನಿಮಾ ಬರೀ ನೆಪ. ಒಗ್ಗರಣೆ ಅವಲಕ್ಕಿ, ಚಹಾ, ಆಮೇಲೆ ನಡೆಯುವ ಜಗಳ, ಇವಕ್ಕಾಗಿಯೇ ಎಲ್ಲರೂ ಬರುವುದು. ಹೋದ ಸಲ ನೋಡಿದ್ದು ‘ಡ್ಯೂನ್’ ಎರಡನೆಯ ಭಾಗ. ಮುಗಿದು ದೀಪ ಹಾಕುವಷ್ಟರಲ್ಲೇ ನಮ್ಮ ಗುಂಪಿನ ಅತಿ ಕಿರಿಯ ಸದಸ್ಯ, ಹುಬ್ಬಳ್ಳಿಯ ಹುಡುಗ, ಕಾಲೇಜಿನಲ್ಲಿದ್ದಾಗ ಆ ಕಾದಂಬರಿಯನ್ನು ಮೂರು ಸಲ ಓದಿದವನು, ಒಂದೇ ಮಾತು ಹೇಳಿದ: “ಇದು ದ್ರೋಹರೀ ಸರ.”

ಅವನ ಸಿಟ್ಟು ಚಾನಿಯ ವಿಷಯಕ್ಕೆ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಚಾನಿ ಕೊನೆಯವರೆಗೂ ಪಾಲ್‌ನ ಪಕ್ಕದಲ್ಲೇ ಇರುತ್ತಾಳೆ. ಅವನು ಸಿಂಹಾಸನಕ್ಕಾಗಿ ಚಕ್ರವರ್ತಿಯ ಮಗಳನ್ನು ಮದುವೆಯಾಗುವುದನ್ನೂ ನುಂಗಿಕೊಳ್ಳುತ್ತಾಳೆ. ಡೆನಿ ವಿಲ್ನೂವ್ 2024ರಲ್ಲಿ ತಂದ ಸಿನಿಮಾದಲ್ಲಿ ಅವಳು ಪಾಲ್‌ನನ್ನು ಉದ್ಧಾರಕ ಅಂತ ಒಪ್ಪುವುದೇ ಇಲ್ಲ, ಕೊನೆಗೆ ಅವನನ್ನು ಬಿಟ್ಟು ಮರುಭೂಮಿಗೆ ಹೊರಟುಹೋಗುತ್ತಾಳೆ. ಇನ್ನೊಂದು: ಕಾದಂಬರಿಯಲ್ಲಿ ಬ್ಯಾರನ್‌ನನ್ನು ಕೊಲ್ಲುವುದು ಪಾಲ್‌ನ ಪುಟ್ಟ ತಂಗಿ ಆಲಿಯಾ. ಸಿನಿಮಾದಲ್ಲಿ ಅವಳು ಇನ್ನೂ ತಾಯಿಯ ಹೊಟ್ಟೆಯಲ್ಲೇ ಇದ್ದಾಳೆ. ಆ ಕೆಲಸ ಪಾಲ್‌ನ ಪಾಲಿಗೆ ಬಂದಿದೆ.

ನಾನು ನಿರ್ದೇಶಕನ ಪರ ವಾದಿಸಿದೆ. ವರ ಪಡೆದು ಬಂದಂತೆ ಕಾಣುವ ನಾಯಕರ ಹಿಂದೆ ಜನ ಕುರುಡಾಗಿ ಹೋಗುವುದರ ಅಪಾಯವನ್ನು ತೋರಿಸಬೇಕು ಅಂತಲೇ ಹರ್ಬರ್ಟ್ ಆ ಕತೆ ಬರೆದದ್ದು. ಓದುಗರು ಪಾಲ್‌ನನ್ನು ಅಪ್ಪಟ ಹೀರೋ ಮಾಡಿಕೊಂಡರು. 1969ರಲ್ಲಿ ಬಂದ ‘ಡ್ಯೂನ್ ಮೆಸ್ಸಾಯ’ದಲ್ಲಿ ಆ ಹೀರೋನ ಬಣ್ಣ ಇಳಿಯುತ್ತದೆ. ಎರಡನೆಯ ಪುಸ್ತಕದಲ್ಲಿ ನಿಚ್ಚಳವಾಗುವ ಅನುಮಾನವನ್ನು ವಿಲ್ನೂವ್ ಮೊದಲ ಕತೆಯಲ್ಲೇ ಚಾನಿಯ ಕಣ್ಣಿಗೆ ತಂದಿಟ್ಟಿದ್ದಾರೆ, ಅಷ್ಟೇ. ಇದು ಪುಸ್ತಕಕ್ಕೆ ಮಾಡಿದ ಸೇವೆ ಅಂದೆ.

ಹುಡುಗ ಬಿಡಲಿಲ್ಲ. “ಹಂಗಾದ್ರ ಅರ್ತ್‌ಸೀ ಸೀರಿಯಲ್ ಹೆಸರೆತ್ತಿದ್ರ ನಿಮಗ್ಯಾಕ ಮೈ ಉರೀತದ? ಅವ್ರೂ ಬದಲಾವಣೇನ ಮಾಡಿದ್ದು. ನಿಮಗ ಸೇರಿದ್ರ ಸೇವಾ, ಸೇರಲಿಲ್ಲಂದ್ರ ದ್ರೋಹ ಏನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಲಗಿದ ಮೇಲೆ ನಗು ಬರಲಿಲ್ಲ. ಅವನು ಕೇಳಿದ್ದು ಸರಿಯಾದ ಪ್ರಶ್ನೆ.

ದ್ರೋಹ ಆಗಬೇಕಾದರೆ ಮೊದಲು ಋಣ ಇರಬೇಕು. ದುಡ್ಡು ಕೊಟ್ಟು ಹಕ್ಕು ಕೊಂಡ ನಿರ್ಮಾಪಕನಿಗೆ ಇನ್ನಾವ ಋಣ? ಕಾಗದದ ಪ್ರಕಾರ ಯಾವುದೂ ಇಲ್ಲ. ಹಾಗಿದ್ದೂ ನಮ್ಮ ಮೆಚ್ಚಿನ ಪುಸ್ತಕ ತೆರೆಯ ಮೇಲೆ ಕೆಟ್ಟು ನಿಂತಾಗ ಯಾರೋ ನಮ್ಮನ್ನೇ ವಂಚಿಸಿದ ಹಾಗೆ ಅನ್ನಿಸುತ್ತದಲ್ಲ, ಆ ಅನ್ನಿಸಿಕೆಗೆ ಏನಾದರೂ ಆಧಾರ ಇದೆಯೇ, ಅಥವಾ ಅದು ಬರೀ ಓದುಗನ ಜಂಬವೇ?

ಜಂಬದ ಪಾಲು ದೊಡ್ಡದೇ ಇದೆ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾಗಳಲ್ಲಿ ಟಾಮ್ ಬಾಂಬಡಿಲ್ ಇಲ್ಲ ಅಂತ ನಾನು ವರ್ಷಗಟ್ಟಲೆ ಕೊರಗಿದ್ದೇನೆ. ಮೊದಲ ಭಾಗವೇ 178 ನಿಮಿಷ ಇದೆ, ಅವನನ್ನು ಎಲ್ಲಿ ತುರುಕಬೇಕಿತ್ತು ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದೇ ಸಿನಿಮಾದ ರಿವೆಂಡೆಲ್ ಕಂಡಾಗ ‘ಆಹಾ, ನಾನು ಕಲ್ಪಿಸಿಕೊಂಡ ಹಾಗೇ ಇದೆ’ ಅಂತ ಪುಳಕಗೊಂಡಿದ್ದೆ. ಆಮೇಲೆ ತಿಳಿಯಿತು, ಆ ಕಲ್ಪನೆ ನನ್ನದೇ ಆಗಿರಲಿಲ್ಲ. ಹಾಸ್ಟೆಲಿನಲ್ಲಿ ಸ್ನೇಹಿತನೊಬ್ಬನ ಹತ್ತಿರ ಇದ್ದ ಪ್ರತಿಯಲ್ಲಿ ಅಲನ್ ಲೀ ಬರೆದ ಜಲವರ್ಣ ಚಿತ್ರಗಳಿದ್ದವು. ಪೀಟರ್ ಜಾಕ್ಸನ್ ಸಿನಿಮಾ ಮಾಡುವಾಗ ಅದೇ ಅಲನ್ ಲೀಯನ್ನೂ, ಟೋಲ್ಕಿನ್ ಲೋಕದ ಇನ್ನೊಬ್ಬ ಹೆಸರಾಂತ ಚಿತ್ರಕಾರ ಜಾನ್ ಹೋವ್‌ನನ್ನೂ ನ್ಯೂಜಿಲೆಂಡಿಗೆ ಕರೆಸಿಕೊಂಡು ವಿನ್ಯಾಸ ಮಾಡಿಸಿದರು. ಮೂರನೆಯ ಭಾಗದ ಕಲಾ ನಿರ್ದೇಶನಕ್ಕೆ ಬಂದ ಆಸ್ಕರ್‌ನಲ್ಲಿ ಅಲನ್ ಲೀಗೂ ಪಾಲಿದೆ. ಅಂದರೆ ಚಿತ್ರಕಾರ ಮೊದಲು ನನ್ನ ತಲೆಯೊಳಗೆ ಬಂದು ಕೂತ, ಆಮೇಲೆ ತೆರೆಯ ಮೇಲೂ ಬಂದ. ಎರಡೂ ತಾಳೆಯಾದವು ಅಂತ ನಾನು ಅದನ್ನು ಟೋಲ್ಕಿನ್‌ಗೆ ತೋರಿದ ನಿಷ್ಠೆ ಅಂತ ಕರೆದೆ. ಟೋಲ್ಕಿನ್ನರ ಮಗ ಕ್ರಿಸ್ಟಫರ್‌ಗೆ ಆ ಸಿನಿಮಾಗಳು ಹಿಡಿಸಲೇ ಇಲ್ಲ. ಹದಿಹರೆಯದವರಿಗಾಗಿ ಹೊಡೆದಾಟದ ಚಿತ್ರ ಮಾಡಿ ಪುಸ್ತಕದ ಕರುಳು ಕಿತ್ತರು ಅನ್ನುವ ಅರ್ಥದಲ್ಲಿ 2012ರಲ್ಲಿ ಒಂದು ಫ್ರೆಂಚ್ ಪತ್ರಿಕೆಗೆ ಹೇಳಿದರು.

ಹಾಗಾಗಿ ‘ನನ್ನ ಮನಸ್ಸಿನಲ್ಲಿದ್ದ ಹಾಗಿಲ್ಲ’ ಅನ್ನುವ ದೂರನ್ನು ಬದಿಗಿಡೋಣ. ಬದಲಾವಣೆ ತಾನಾಗಿಯೇ ತಪ್ಪು ಅನ್ನುವುದನ್ನೂ ಬದಿಗಿಡಬೇಕು. ನಾನು ಹುಟ್ಟಿ ಬೆಳೆದದ್ದು ಶಿರಸಿ ಸೀಮೆಯಲ್ಲಿ. ಅಲ್ಲಿಯವನಾಗಿ ಈ ಎರಡನೆಯ ಮಾತನ್ನು ನಾನು ಹೇಳಿದರೆ ನನ್ನ ಸೋದರಮಾವ ಮೇಲಿನಿಂದಲೇ ನಗುತ್ತಾನೆ.

ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ. ನೋಡದವರಿಗಾಗಿ ಹೇಳುತ್ತೇನೆ: ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಪಂಚೆ ಉಟ್ಟು, ಶಾಲು ಹೊದ್ದು ಕೂತ ಅರ್ಥಧಾರಿಗಳು ಆ ಪದ್ಯದ ಎಳೆ ಹಿಡಿದು ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಪದ್ಯ ನಾಲ್ಕು ಸಾಲು ಇದ್ದರೆ ಅರ್ಥ ಅರ್ಧ ಗಂಟೆ ಹೋಗಬಹುದು. ಮಾವನಿಗೆ ಇಷ್ಟವಾದದ್ದು ‘ವಾಲಿವಧೆ’ಯ ವಾಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಸಾಯುತ್ತ ಬಿದ್ದ ವಾಲಿ ಪ್ರಶ್ನಿಸುವ ಆ ಭಾಗದಲ್ಲಿ ಮಾವ ಪ್ರತಿ ಸಲ ಹೊಸ ಪ್ರಶ್ನೆ ತೆಗೆಯುತ್ತಿದ್ದ. ಒಂದು ರಾತ್ರಿ ರಾಮನ ಪಾತ್ರದವರು ನಿಜಕ್ಕೂ ಉತ್ತರ ಸಿಗದೆ ತಡವರಿಸಿದ್ದು, ಭಾಗವತರು ಮುಂದಿನ ಪದ್ಯ ಎತ್ತಿ ಅವರನ್ನು ಉಳಿಸಿದ್ದು ನನಗೆ ನೆನಪಿದೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಮಾರನೆಯ ದಿನ ಕೇಳಿದೆ, “ಮಾವ, ರಾಮಾಯಣದಲ್ಲಿ ವಾಲಿ ಹಾಂಗೆಲ್ಲ ಕೇಳ್ತ್ನಾ?” ಮಾವ ಕವಳ ಹಾಕಿಕೊಳ್ಳುತ್ತ ಹೇಳಿದ್ದು ಇಷ್ಟೇ: “ಪದ್ಯ ಭಾಗವತರದ್ದು ತಮಾ, ಅರ್ಥ ನಂದು. ಸಭೆಗೆ ಗೊತ್ತಿದ್ದು.”

ಅದೇನು ದೊಡ್ಡ ಮಾತು ಅಂತ ಆಗ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಸಭೆಯಲ್ಲಿ ಕೂತ ಅಡಿಕೆ ತೋಟದ ಯಜಮಾನರಿಗೂ, ಹಿಂದೆ ನಿದ್ದೆ ತೂಗುತ್ತಿದ್ದ ನಮ್ಮಂಥ ಹುಡುಗರಿಗೂ, ಹಾಡು ಎಲ್ಲಿ ನಿಂತಿತು, ಮಾತು ಎಲ್ಲಿ ಶುರುವಾಯಿತು ಅನ್ನುವುದು ಕಿವಿಗೇ ಕೇಳುತ್ತಿತ್ತು. ಮಾವ ವಾಲಿಯ ಬಾಯಲ್ಲಿ ‘ನಾನು’ ಅಂತ ಮಾತಾಡುತ್ತಿದ್ದ. ಆದರೆ ಆ ‘ನಾನು’ ಎಷ್ಟು ವಾಲಿ, ಎಷ್ಟು ಮಾವ ಅನ್ನುವ ಲೆಕ್ಕ ಎಲ್ಲರ ಎದುರಿಗೇ ಇತ್ತು. ಯಾರಿಗೂ ಮೋಸವಾಗಲಿಲ್ಲ.

ಪಂಪನದೂ ಇದೇ ದಾರಿ. ಅವನು ‘ವಿಕ್ರಮಾರ್ಜುನ ವಿಜಯ’ದಲ್ಲಿ ವ್ಯಾಸರ ಕತೆಗೆ ಮಾಡಿದ ಬದಲಾವಣೆಯ ಮುಂದೆ ಚಾನಿಯದು ಏನೂ ಅಲ್ಲ. ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಕೊನೆಗೆ ಪಟ್ಟಾಭಿಷೇಕ ಆಗುವುದು ಅರ್ಜುನನಿಗೆ, ಪಕ್ಕದಲ್ಲಿ ಸುಭದ್ರೆ. ಯಾಕೆ ಅಂದರೆ ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನಾಗಿ ತೋರಿಸಬೇಕಿತ್ತು. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಕ್ಲೈಂಟ್ ರಿಕ್ವೈರ್‌ಮೆಂಟ್. (ಆ ಕ್ಲೈಂಟ್ ಇದ್ದದ್ದು ಇವತ್ತಿನ ತೆಲಂಗಾಣದ ವೇಮುಲವಾಡದಲ್ಲಿ ಅನ್ನುವುದು ಹೈದರಾಬಾದಿನ ಓದುಗರಿಗೆ ಖುಷಿ ಕೊಡಬಹುದು.) ಆದರೆ ಆರಂಭದಲ್ಲೇ ಪಂಪ ತನ್ನ ಲೆಕ್ಕ ಒಪ್ಪಿಸುತ್ತಾನೆ: ವ್ಯಾಸರ ಮಾತಿನ ಕಡಲನ್ನು ಈಜಲು ಹೊರಟಿದ್ದೇನೆ, ಹಾಗಂತ ನಾನೇ ವ್ಯಾಸ ಅನ್ನುವ ಗರ್ವ ನನಗಿಲ್ಲ ಅನ್ನುತ್ತಾನೆ. ಅರ್ಜುನನಲ್ಲಿ ತನ್ನ ರಾಜನನ್ನು ಕಾಣಿಸುತ್ತಿದ್ದೇನೆ ಅನ್ನುವುದನ್ನೂ ಬಚ್ಚಿಡುವುದಿಲ್ಲ. ವ್ಯಾಸರ ಇಂಗಿತವೂ ಇದೇ ಆಗಿತ್ತು ಅಂತ ಅವನು ಹೇಳಿಕೊಂಡಿದ್ದರೆ? ಆಗಲೂ ಕಾವ್ಯ ಅಷ್ಟೇ ಚೆನ್ನಾಗಿರುತ್ತಿತ್ತೋ ಏನೋ. ನನಗೆ ಪಂಪನ ಮೇಲಿರುವ ಗೌರವ ಮಾತ್ರ ಇಷ್ಟು ಇರುತ್ತಿರಲಿಲ್ಲ.

ಈ ವ್ಯತ್ಯಾಸ ನನಗೆ ಮನವರಿಕೆಯಾದದ್ದು ಪುಸ್ತಕದಿಂದ ಅಲ್ಲ, ಕೆಲಸದಲ್ಲಿ. ಹೇಳಲು ಹೆಮ್ಮೆಯ ವಿಷಯವಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಒಂದು ವಿಮಾ ಕಂಪನಿಯ ಕ್ಲೈಮ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುತ್ತಿದ್ದೆವು. ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದವಳು ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನಾಗಪುರದ ಕಡೆಯವಳು, ಲೆಕ್ಕದಲ್ಲಿ ಬಲು ಗಟ್ಟಿ. ಏಕಕಾಲಕ್ಕೆ ಸಾವಿರಾರು ಜನ ಬಳಸಿದರೆ ವ್ಯವಸ್ಥೆ ತಡೆದುಕೊಳ್ಳುತ್ತದೆಯೇ ಅಂತ ಪರೀಕ್ಷಿಸಲು ಐದು ವಾರ ಬೇಕು ಅಂದಳು. ನನ್ನ ಹತ್ತಿರ ಇದ್ದದ್ದು ಎರಡು ವಾರ. ಕಡಿತ ಮಾಡಿದೆ. ಅದು ನನ್ನ ಅಧಿಕಾರ, ಅದಕ್ಕೇ ನನಗೆ ಸಂಬಳ. ಆದರೆ ಕ್ಲೈಂಟ್‌ಗೆ ತೋರಿಸುವ ಸ್ಲೈಡಿನಲ್ಲಿ ಹಾಗೆ ಬರೆಯಲಿಲ್ಲ. ‘ಟೆಸ್ಟಿಂಗ್ ತಂಡದ ಅಂದಾಜು: 2 ವಾರ’ ಅಂತ ಬರೆದು, ಓನರ್ ಅನ್ನುವ ಕಾಲಮ್ಮಿನಲ್ಲಿ ಅವಳ ಹೆಸರು ಹಾಕಿದೆ. ಆ ಕ್ಷಣಕ್ಕೆ ಅದೊಂದು ತಪ್ಪು ಅಂತಲೇ ಅನ್ನಿಸಲಿಲ್ಲ. ಹಾಗೆ ಬರೆದರೆ ಓದಲು ಸರಾಗವಾಗಿತ್ತು.

ಮುಂದಿನದು ನೀವು ಊಹಿಸಬಹುದು. ಒಂದು ಸೋಮವಾರ ಶುರು ಮಾಡಿದೆವು, ಮಧ್ಯಾಹ್ನದ ಒಳಗೆ ವ್ಯವಸ್ಥೆ ಮಲಗಿತು. ಸಂಜೆಯ ಕಾಲ್‌ನಲ್ಲಿ ಯಾರೋ ಆ ಹಳೆಯ ಸ್ಲೈಡ್ ತೆರೆದು ತೋರಿಸಿದರು. ಎರಡು ವಾರ ಸಾಕು ಅಂದವರು ಯಾರು ಅಂತ ಕೇಳಿದರು. ಅವಳೂ ಕಾಲ್‌ನಲ್ಲಿದ್ದಳು. ನಾನು ಬಾಯಿ ಬಿಟ್ಟು ಹೇಳಿದ್ದು, ಇದನ್ನು ತಂಡವಾಗಿ ಎದುರಿಸೋಣ ಅನ್ನುವ, ನಮ್ಮ ಕಸುಬಿನ ಅತ್ಯಂತ ಹೇಡಿ ವಾಕ್ಯ.

ಮಾರನೆಯ ದಿನ ಅವಳು ನನ್ನ ಟೇಬಲ್ಲಿನ ಹತ್ತಿರ ಬಂದಳು. ಮಾತಾಡಿದ್ದು ಹಿಂದಿಯಲ್ಲಿ, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡದಲ್ಲೇ ಉಳಿದಿದೆ. “ನೀವು ಕಡಿಮೆ ಮಾಡಿದ್ದಕ್ಕೆ ನನಗೆ ಬೇಜಾರಿಲ್ಲ ಸರ್. ನಾನು ಹೇಳಿದೆ ಅಂತ ಬರೆದ್ರಲ್ಲ.” ಮೂರು ವಾರದ ನಂತರ ನಾನು ಮೇಲಿನವರಿಗೆ ನಿಜ ಬರೆದು ಕಳಿಸಿದೆ. ಅಷ್ಟರಲ್ಲಿ ಅವಳು ಬೇರೆ ಪ್ರಾಜೆಕ್ಟ್ ಕೇಳಿಕೊಂಡು ಹೋಗಿದ್ದಳು.

ಈಗ ಹುಬ್ಬಳ್ಳಿಯ ಹುಡುಗನ ಪ್ರಶ್ನೆಗೆ ಬರುತ್ತೇನೆ, ಅರ್ತ್‌ಸೀ ಯಾಕೆ ಬೇರೆ ಅನ್ನುವುದಕ್ಕೆ.

ಅರ್ಸುಲಾ ಲೆ ಗ್ವಿನ್ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಪ್ರಕಟಿಸಿದ್ದು 1968ರಲ್ಲಿ. ಸಾಗರದಲ್ಲಿ ಚೆಲ್ಲಿದ ನೂರಾರು ದ್ವೀಪಗಳ ಲೋಕ. ಗಾಂಟ್ ಅನ್ನುವ ಗುಡ್ಡಗಾಡು ದ್ವೀಪದ ಆಡು ಕಾಯುವ ಹುಡುಗ ಗೆಡ್ ಮಂತ್ರವಿದ್ಯೆ ಕಲಿಯುತ್ತಾನೆ, ಹೆಮ್ಮೆಯಿಂದ ಒಂದು ಕರಾಳ ನೆರಳನ್ನು ಲೋಕಕ್ಕೆ ಬಿಟ್ಟುಬಿಡುತ್ತಾನೆ, ಆಮೇಲೆ ಅದನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಕತೆ ಇಷ್ಟೇ. ಗೆಡ್‌ನ ಮೈಬಣ್ಣ ಕೆಂಪು ಮಿಶ್ರಿತ ಕಂದು. ಅವನ ಜೀವದ ಗೆಳೆಯ ವೆಚ್ ಇನ್ನೂ ಕಪ್ಪು. ಆ ಲೋಕದಲ್ಲಿ ಬಿಳಿಯರು ಅಂದರೆ ಕಾರ್ಗ್‌ಗಳು, ಪುಸ್ತಕದ ಮೊದಲಲ್ಲೇ ಗೆಡ್‌ನ ಊರಿನ ಮೇಲೆ ದಾಳಿ ಮಾಡುವ ದರೋಡೆಕೋರರು. ಲೆ ಗ್ವಿನ್ ಇದನ್ನು ಡಂಗುರ ಹೊಡೆದು ಹೇಳುವುದಿಲ್ಲ. ಅಲ್ಲೊಂದು ಇಲ್ಲೊಂದು ಮಾತಿನಲ್ಲಿ ಬಂದು ಹೋಗುತ್ತದೆ. ಬಿಳಿಯ ಓದುಗ ಮೊದಲು ಗೆಡ್‌ನೊಳಗೆ ಇಳಿದುಬಿಡಲಿ, ಅವನ ಚರ್ಮ ತನ್ನದಲ್ಲ ಅಂತ ಆಮೇಲೆ ಗೊತ್ತಾಗಲಿ ಅನ್ನುವುದು ಅವರ ಉಪಾಯ. ಲೋಕದಲ್ಲಿ ಬಹುಪಾಲು ಜನ ಬಿಳಿಯರಲ್ಲ, ಕಲ್ಪನೆಯ ಲೋಕದಲ್ಲಿ ಮಾತ್ರ ಯಾಕೆ ಎಲ್ಲರೂ ಬಿಳಿಯರಿರಬೇಕು ಅನ್ನುವುದು ಅವರ ಸರಳ ಪ್ರಶ್ನೆ. 1968ರ ಅಮೆರಿಕದಲ್ಲಿ ಅದು ಸಣ್ಣ ಧೈರ್ಯ ಅಲ್ಲ.

2004ರ ಡಿಸೆಂಬರಿನಲ್ಲಿ ಅಮೆರಿಕದ ಸೈಫೈ ಚಾನೆಲ್ ಇದನ್ನು ಕಿರುಸರಣಿಯಾಗಿ ತಂದಿತು. ಗೆಡ್ ಬಿಳಿಯ ಹುಡುಗನಾದ. ಗುರು ಓಗಿಯಾನ್‌ನ ಪಾತ್ರಕ್ಕೆ ಡ್ಯಾನಿ ಗ್ಲವರ್ ಅವರನ್ನು ಹಾಕಿಕೊಂಡರು, ಉಳಿದಂತೆ ತೆರೆಯೆಲ್ಲ ಹೆಚ್ಚುಕಡಿಮೆ ಬೆಳ್ಳಗೆ. ಮಾತುಕತೆಯ ಹಂತದಲ್ಲಿ ಲೆ ಗ್ವಿನ್‌ಗೆ ಭರವಸೆ ಇತ್ತು. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಚಿತ್ರಕತೆ ಬರೆದವರಲ್ಲೊಬ್ಬರಾದ ಫಿಲಿಪ್ಪಾ ಬೋಯೆನ್ಸ್ ಬರೆಯುತ್ತಾರೆ ಅಂತ ಹೇಳಲಾಗಿತ್ತು. ಸಹಿ ಹಾಕಿದ ಮೇಲೆ ಬೋಯೆನ್ಸ್ ಇಲ್ಲ. ಲೆ ಗ್ವಿನ್ ಸಲಹೆಗಾರ್ತಿ ಅನ್ನುವುದು ಕಾಗದದಲ್ಲಿ ಮಾತ್ರ. ಇಷ್ಟಾದರೂ ಅವರು ಸುಮ್ಮನಿದ್ದರು. ಹಕ್ಕು ಮಾರಿದ್ದೇನೆ, ಸಿನಿಮಾದವರು ಸಿನಿಮಾದವರ ಕೆಲಸ ಮಾಡಲಿ ಅಂತ.

ಅವರು ಬಾಯಿ ತೆರೆದದ್ದು ಯಾವಾಗ ಅಂದರೆ, ನಿರ್ದೇಶಕ ರಾಬರ್ಟ್ ಲೀಬರ್‌ಮನ್ ಒಂದು ಸಂದರ್ಶನದಲ್ಲಿ, ನಾವು ಪುಸ್ತಕಗಳಿಗೆ ಬಹಳ ಪ್ರಾಮಾಣಿಕವಾಗಿದ್ದೇವೆ, ಎರಡು ನಂಬಿಕೆಗಳು ಒಂದಾಗುವುದರಿಂದಲೇ ಆ ಲೋಕ ಉಳಿಯುತ್ತದೆ, ಅರ್ಸುಲಾ ಹೇಳಹೊರಟದ್ದೂ ಅದನ್ನೇ ಅನ್ನುವ ಅರ್ಥದಲ್ಲಿ ಮಾತಾಡಿದಾಗ. ಲೆ ಗ್ವಿನ್ ಅಂಥದ್ದೇನನ್ನೂ ಹೇಳಿರಲಿಲ್ಲ. ನನ್ನ ಉದ್ದೇಶವನ್ನು ನನ್ನ ಬದಲು ನೀವು ಹೇಳಬೇಡಿ ಅಂತ ತಮ್ಮ ಜಾಲತಾಣದಲ್ಲಿ ಉತ್ತರ ಬರೆದರು. ಪ್ರಸಾರವಾದ ಮೇಲೆ ಮೈಬಣ್ಣದ ವಿಷಯವಾಗಿ ‘ಸ್ಲೇಟ್’ ಪತ್ರಿಕೆಯಲ್ಲಿ ಬೇರೆಯೇ ಲೇಖನ ಬರೆದರು. ಫ್ಯಾಂಟಸಿಯಲ್ಲಿ ತಾವೂ ಇದ್ದೇವೆ ಅಂತ ಅನ್ನಿಸಿದ್ದು ಈ ಪುಸ್ತಕಗಳಲ್ಲಿ ಮಾತ್ರ ಅಂತ ಬಿಳಿಯರಲ್ಲದ ಓದುಗರು ತಮಗೆ ಹೇಳಿದ್ದನ್ನು ಅದರಲ್ಲಿ ನೆನೆದರು. ನಾನು ನಾಗಪುರದ ಆ ಹುಡುಗಿಯ ಮಾತು ಕೇಳಿ ಬಂದ ಮೇಲೆ ಇವನ್ನೆಲ್ಲ ಮತ್ತೊಮ್ಮೆ ಓದಿದೆ. ಎರಡೂ ಒಂದೇ ಮಾತು.

ಅರ್ತ್‌ಸೀ ಲೋಕದಲ್ಲಂತೂ ಇದಕ್ಕಿಂತ ದೊಡ್ಡ ಅಪರಾಧ ಇಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು, ಕರೆಯುವ ಹೆಸರು ಒಂದು, ನಿಜ ಹೆಸರು ಒಂದು. ನಿಜ ಹೆಸರು ಗೊತ್ತಿದ್ದವನ ಕೈಯಲ್ಲಿ ನಿಮ್ಮ ಜೀವವೇ ಇದ್ದ ಹಾಗೆ. ಗೆಡ್ ತನ್ನ ತಪ್ಪಿನಿಂದ ನುಚ್ಚುನೂರಾಗಿ ಬಿದ್ದಿದ್ದಾಗ ವೆಚ್ ಅವನಿಗೆ ಕೊಡುವ ಉಡುಗೊರೆ ತನ್ನ ನಿಜ ಹೆಸರು. ನನಗೆ ಆ ಪುಸ್ತಕದಲ್ಲಿ ಅತಿ ಇಷ್ಟವಾದ ಪುಟ ಅದು.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಪ್ರಸಂಗವಿದೆ. ಜಪಾನಿನ ಗಿಬ್ಲಿ ಸ್ಟುಡಿಯೋ 2006ರಲ್ಲಿ ಅರ್ತ್‌ಸೀ ಕತೆಗಳಿಂದ ಒಂದು ಆನಿಮೇಷನ್ ಸಿನಿಮಾ ಮಾಡಿತು. ಲೆ ಗ್ವಿನ್ ಬಯಸಿದ್ದು ಹಯಾವೊ ಮಿಯಾಝಾಕಿಯನ್ನು, ಮಾಡಿದ್ದು ಅವರ ಮಗ ಗೊರೊ. ಕತೆಯೂ ಬಹಳ ಬೇರೆಯಾಯಿತು. ಸಿನಿಮಾ ತೋರಿಸಿದ ಮೇಲೆ ಗೊರೊ ಕೇಳಿದಾಗ ಅವರು ಹೇಳಿದ್ದು: ಇದು ನನ್ನ ಪುಸ್ತಕವಲ್ಲ, ನಿಮ್ಮ ಸಿನಿಮಾ, ಒಳ್ಳೆಯ ಸಿನಿಮಾ. ಗೊರೊ ಆ ಖಾಸಗಿ ಮಾತನ್ನು ಬಹಿರಂಗ ಮಾಡಿದ ಮೇಲೆ ಲೆ ಗ್ವಿನ್ ತಮ್ಮ ನಿರಾಸೆಗಳನ್ನೂ ಪಟ್ಟಿ ಮಾಡಿ ಬರೆದರು, ಅದು ಬೇರೆ. ಆದರೆ ಆ ಮೂರು ತುಂಡು ಮಾತುಗಳಲ್ಲಿ ಮೊದಲನೆಯದು ನೋಡಿ. ನನಗದು ಮಾವನ ‘ಪದ್ಯ ಭಾಗವತರದ್ದು, ಅರ್ಥ ನಂದು’ ಅನ್ನುವುದನ್ನು ಭಾಗವತರ ಕಡೆಯಿಂದ ಹೇಳಿದ ಹಾಗೆ ಕೇಳಿಸುತ್ತದೆ.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ತೀರ್ಪು ಕೊಡುವ ಜಾಗದಲ್ಲಿ ಆರಾಮಾಗಿ ಕೂತಿರುತ್ತಿದ್ದೆ. ನನ್ನ ಮಗಳು ಕೂರಲು ಬಿಡಲಿಲ್ಲ.

ಅವಳಿಗೆ ಹನ್ನೆರಡು ತುಂಬುವ ಹೊತ್ತಿಗೆ ನನ್ನ ಹಳೆಯ ಅರ್ತ್‌ಸೀ ಪ್ರತಿ ಕೊಟ್ಟಿದ್ದೆ. ಚೆನ್ನೈಯಲ್ಲಿ ಎಂಟೆಕ್ ಮಾಡುವಾಗ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕೊಂಡದ್ದು. ಹುಟ್ಟುಹಬ್ಬಕ್ಕೆ ಅಚ್ಚರಿಯಾಗಲಿ ಅಂತ, ಚಿತ್ರ ಬರೆದುಕೊಡುವ ಎಐ ಒಂದಕ್ಕೆ ‘ದೋಣಿಯಲ್ಲಿ ನಿಂತ ಬಾಲ ಮಾಂತ್ರಿಕ, ಮೇಲೆ ಹಾರುವ ಗಿಡುಗ’ ಅಂತ ಹೇಳಿ ಒಂದು ಪೋಸ್ಟರ್ ಮಾಡಿಸಿದೆ. ಸೊಗಸಾಗಿ ಬಂತು. ಮಗಳು ನೋಡಿ, “ಯಾರಪ್ಪಾ ಇದು?” ಅಂದಳು. ಗೆಡ್ ಅಂದೆ. “ಗೆಡ್ ಬೆಳ್ಳಗಿಲ್ಲ. ನಮ್ಮ ಹಾಗೆ ಇದಾನೆ. ನೀನು ಪುಸ್ತಕ ಓದಿಲ್ವಾ?”

ಓದಿದ್ದೆ. ಮೂರು ಸಲ ಓದಿದ್ದೆ. ಆ ಪೋಸ್ಟರನ್ನು ಅರ್ಧ ಗಂಟೆ ನೋಡಿ ಬಣ್ಣ, ಬೆಳಕು ಸರಿಮಾಡಿಸಿದ್ದೆ. ಹುಡುಗ ಬಿಳಿ ಅನ್ನುವುದು ಕಣ್ಣಿಗೆ ಬಿದ್ದಿರಲಿಲ್ಲ. ಆಮೇಲೆ ಆ ಹಳೆಯ ಪುಸ್ತಕ ತಿರುಗಿಸಿ ನೋಡಿದೆ. ಮುಖಪುಟದ ಹುಡುಗನೂ ಬಿಳಿಯೇ. ತಮ್ಮ ಪುಸ್ತಕಗಳ ಮುಖಪುಟಗಳ ಮೇಲೆ ಗೆಡ್ ಮತ್ತೆ ಮತ್ತೆ ಬಿಳಿಯನಾಗಿ ಬರುತ್ತಿದ್ದುದಕ್ಕೆ ಲೆ ಗ್ವಿನ್ ದಶಕಗಟ್ಟಲೆ ಪ್ರಕಾಶಕರ ಜೊತೆ ಗುದ್ದಾಡಿದ್ದರು. 2018ರಲ್ಲಿ ಚಾರ್ಲ್ಸ್ ವೆಸ್ ಚಿತ್ರಗಳೊಂದಿಗೆ ಸಮಗ್ರ ಅರ್ತ್‌ಸೀ ಸಂಪುಟ ಬಂತು. ವೆಸ್ ಆ ಚಿತ್ರಗಳನ್ನು ಬರೆದದ್ದು ವರ್ಷಗಟ್ಟಲೆ ಲೆ ಗ್ವಿನ್ ಜೊತೆ ಚರ್ಚಿಸಿಕೊಂಡು. ಆದರೆ ಅದು ಅಚ್ಚಾಗುವ ಮೊದಲೇ, ಅದೇ ವರ್ಷ ಜನವರಿಯಲ್ಲಿ, ಲೆ ಗ್ವಿನ್ ತೀರಿಕೊಂಡರು.

ಆದರೆ ಎಲ್ಲ ಹೊರೆಯನ್ನೂ ಮುಖಪುಟದ ಮೇಲೆ ಹೇರಿದರೆ ಅದೂ ಸ್ಲೈಡಿನಲ್ಲಿ ಬೇರೆಯವರ ಹೆಸರು ಬರೆದ ಹಾಗೇ ಆಗುತ್ತದೆ. ಪುಸ್ತಕದೊಳಗೆ ಕಂದು ಅಂತ ಬರೆದಿತ್ತು. ಕಂದು ಬಣ್ಣದ ಹುಡುಗನೊಬ್ಬ ಅದನ್ನು ಓದಿ, ದಾಟಿಸಿ, ತನ್ನ ತಲೆಯಲ್ಲಿ ಬಿಳಿಯನನ್ನು ಕೂರಿಸಿಕೊಂಡ. ಲೆ ಗ್ವಿನ್ ಆ ಕತೆಯಲ್ಲಿ ನನ್ನಂಥವನಿಗಾಗಿ ಇಟ್ಟಿದ್ದ ಜಾಗವನ್ನು ನಾನೇ ಬಿಟ್ಟುಕೊಟ್ಟಿದ್ದೆ. ಸೈಫೈ ಚಾನೆಲ್ಲಿನವರು ಕೋಟಿಗಟ್ಟಲೆ ಸುರಿದು ಮಾಡಿದ್ದನ್ನು ನಾನು ಹಾಸ್ಟೆಲಿನ ಮಂಚದ ಮೇಲೆ ಪುಕ್ಕಟೆ ಮಾಡಿದ್ದೆ, ಮತ್ತು ಅಷ್ಟೂ ವರ್ಷ ಅದನ್ನೇ ಲೆ ಗ್ವಿನ್ ಬರೆದದ್ದು ಅಂತ ನಂಬಿದ್ದೆ.

ಮಗಳು ತಾನೇ ಚಿತ್ರ ಬರೆದಳು. ಅವಳ ಬಣ್ಣದ ಪೆನ್ಸಿಲ್ ಡಬ್ಬಿಯಲ್ಲಿ ಎಲ್ಲ ಮಕ್ಕಳೂ ‘ಸ್ಕಿನ್ ಕಲರ್’ ಅನ್ನುವ ಪೀಚ್ ಬಣ್ಣದ ಕಡ್ಡಿ ಇದೆ. ಅದನ್ನು ಬಿಟ್ಟು ಕಂದು ಮತ್ತು ಕೆಂಪು ಕಡ್ಡಿ ಸೇರಿಸಿ ತಿಕ್ಕಿದಳು. ಕೆಳಗೆ ‘ಸ್ಪ್ಯಾರೋಹಾಕ್’ ಅಂತ ಅವನ ಕರೆಯುವ ಹೆಸರು ಬರೆದಳು. ಗೆಡ್ ಅಂತ ಯಾಕೆ ಬರೆದಿಲ್ಲ ಅಂದೆ. ಹಾಲ್‌ನಲ್ಲಿ ಅಂಟಿಸುವ ಚಿತ್ರ, ಬಂದವರೆಲ್ಲ ನೋಡುತ್ತಾರೆ, ನಿಜ ಹೆಸರು ಹೇಗೆ ಬರೆಯುವುದು ಅಂದಳು.

ಹುಬ್ಬಳ್ಳಿಯ ಹುಡುಗನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಚಾನಿ ವಿಷಯದಲ್ಲಿ ಸ್ವಲ್ಪ ಸಡಿಲವಾದ. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ, “ಹಂಗಾದ್ರ ‘ಸೊಲಾರಿಸ್’ಗೆ ಏನಂತೀರಿ?” ಅಂದ.

ಸ್ಟಾನಿಸ್ಲಾವ್ ಲೆಮ್‌ನ ‘ಸೊಲಾರಿಸ್’ 1961ರ ಪೋಲಿಷ್ ಕಾದಂಬರಿ. ದೂರದ ಗ್ರಹವೊಂದನ್ನು ಮುಚ್ಚಿದ ಸಮುದ್ರವೇ ಒಂದು ಜೀವಿ. ಮನುಷ್ಯ ಎಷ್ಟು ತಿಣುಕಿದರೂ ಅದು ಅರ್ಥವಾಗುವುದಿಲ್ಲ ಅನ್ನುವುದೇ ಪುಸ್ತಕದ ಜೀವ. ಕೊನೆಯಲ್ಲಿ ಕೆಲ್ವಿನ್ ಅಲೆಯ ಮುಂದೆ ಕೈ ಚಾಚುತ್ತಾನೆ. ಅಲೆ ಬಂದು ಕೈಯನ್ನು ಸುತ್ತುವರಿಯುತ್ತದೆ, ನಡುವೆ ಕೂದಲೆಳೆಯಷ್ಟು ಗಾಳಿ ಬಿಟ್ಟು, ಮುಟ್ಟದೆ. 1972ರಲ್ಲಿ ತಾರ್ಕೋವ್‌ಸ್ಕಿ ಮಾಡಿದ ಸಿನಿಮಾ ಭೂಮಿಯಲ್ಲಿ ಶುರುವಾಗುತ್ತದೆ, ಕೊಳ, ಜೊಂಡು, ಅಪ್ಪನ ಮನೆ. ಕೊನೆಗೆ ಮಗ ಅಪ್ಪನ ಎದುರು ಮಂಡಿಯೂರುತ್ತಾನೆ. ಪುಸ್ತಕ ಮನುಷ್ಯನಿಂದ ಆಚೆ ನೋಡಿದರೆ ಸಿನಿಮಾ ತಿರುಗಿ ಮನೆಯ ಕಡೆ ನೋಡುತ್ತದೆ. ಲೆಮ್‌ಗೆ ಕೆಂಡದಂಥ ಕೋಪ ಬಂತು. ಮಾಸ್ಕೋಗೆ ಹೋಗಿ ವಾರಗಟ್ಟಲೆ ಜಗಳವಾಡಿ, ಹೊರಡುವಾಗ ತಾರ್ಕೋವ್‌ಸ್ಕಿಗೆ ಮೂರ್ಖ ಅಂತ ಬೈದು ಬಂದೆ ಅಂತ ತಾವೇ ಹೇಳಿಕೊಂಡಿದ್ದಾರೆ. ಅವನು ಮಾಡಿದ್ದು ‘ಸೊಲಾರಿಸ್’ ಅಲ್ಲ, ‘ಕ್ರೈಮ್ ಅಂಡ್ ಪನಿಶ್‌ಮೆಂಟ್’ ಅಂತ ಅವರ ದೂರು.

ಲೆಮ್ ಹೇಳುವುದು ಸರಿ. ಪುಸ್ತಕ ಪಣಕ್ಕಿಟ್ಟದ್ದನ್ನೇ ಸಿನಿಮಾ ತೆಗೆದುಹಾಕಿದೆ, ಹೆಸರು ಮಾತ್ರ ಅದೇ ಉಳಿದಿದೆ. ನೋಡಿದವರಲ್ಲಿ ಎಷ್ಟೋ ಜನರಿಗೆ ‘ಸೊಲಾರಿಸ್’ ಅಂದರೆ ಆ ಕೊಳ, ಆ ಜೊಂಡು, ಆ ಅಪ್ಪ. ನಾನು ಇಲ್ಲಿಯವರೆಗೆ ಹೇಳಿದ ಲೆಕ್ಕದಲ್ಲಿ ಇದನ್ನು ಕೂಡಿಸಲೋ ಕಳೆಯಲೋ ತಿಳಿಯುವುದಿಲ್ಲ. ಆದರೆ ಅಪ್ಪ ತೀರಿಕೊಂಡ ವರ್ಷ, ಶಿರಸಿಯ ಮನೆಗೆ ಬೀಗ ಹಾಕಿ ಬಂದ ಮೇಲೆ, ನಾನು ಒಬ್ಬನೇ ಕೂತು ಎರಡು ಸಲ ನೋಡಿದ್ದು ಆ ಸಿನಿಮಾವನ್ನೇ. 

“ಹೇಳ್ರಿ ಸರ” ಅಂದ ಹುಡುಗ.

ಮುಂದಿನ ಶನಿವಾರ ನಮ್ಮ ಮನೆಯಲ್ಲಿ ‘ಸೊಲಾರಿಸ್’ ಅಂತ ಆಗಿದೆ. ಎರಡೂಮುಕ್ಕಾಲು ಗಂಟೆಯ ಸಿನಿಮಾ, ಬೇಗ ಬನ್ನಿ ಅಂತ ಎಲ್ಲರಿಗೂ ಹೇಳಿದ್ದೇನೆ. ಅವನಿಗೆ ಮಾತ್ರ, ಪುಸ್ತಕ ಓದಿಕೊಂಡು ಬಾ ಅಂದಿದ್ದೇನೆ.